ಬಿಸಿ ಟವೆಲಿನ ಕೆಳಗೆ ಏಳು ಪ್ರಶ್ನೆ

ಮಂಗಳವಾರ ಬೆಳಿಗ್ಗೆ ಕಸದ ಲಾರಿ ಬಂತು.

ಶನಿವಾರ ನನ್ನ ಗಂಡ ಎಲ್ಲಿಸ್‌ನನ್ನು ಮಣ್ಣು ಮಾಡಿದ್ದೆವು. ಭಾನುವಾರ, ಸೋಮವಾರ ಮನೆ ತುಂಬ ಜನ ಇದ್ದರು. ಮಂಗಳವಾರ ಅವರವರು ಅವರವರ ಕೆಲಸಕ್ಕೆ ಹೋದರು. ಕಸದ ಡಬ್ಬವನ್ನು ಹಿಂದಿನ ಓಣಿಗೆ ಎಳೆದಿಡುವುದು ಎಲ್ಲಿಸ್‌ನ ಕೆಲಸವಾಗಿತ್ತು. ಬಾಗಿಲ ಹಿಂದೆ ನೇತಾಡುತ್ತಿದ್ದ ಅವನ ಕೋಟು ಹಾಕಿಕೊಂಡು ನಾನೇ ಇಳಿದೆ. ಬಲಜೇಬಿನಲ್ಲಿ ತಣ್ಣನೆಯದೇನೋ ಕೈಗೆ ಸಿಕ್ಕಿತು. ತೆಗೆದು ನೋಡಿದೆ. ಹಿತ್ತಾಳೆಯ ಕೊಕ್ಕೆ, ಹೆಬ್ಬೆರಳಿನಷ್ಟು ಉದ್ದದ್ದು. ಯಾವುದರದ್ದೋ ತಿಳಿಯಲಿಲ್ಲ. ಮತ್ತೆ ಜೇಬಿಗೆ ಹಾಕಿದೆ.

ಡಬ್ಬ ಇಟ್ಟು ಬರುವಾಗ ಕೆಳಗಿನ ಮನೆಯ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮಿಲ್ವಾಕಿಯ ನಮ್ಮ ಬೀದಿಯಲ್ಲಿ ಎಲ್ಲವೂ ಒಂದರ ಮೇಲೊಂದು ಕೂತ ಜೋಡಿ ಮನೆಗಳು. ನಮ್ಮದರಲ್ಲಿ ಮೇಲೆ ನಾವಿಬ್ಬರು, ಕೆಳಗೆ ಅವನ ಅಪ್ಪ ಅಮೋಸ್ ವಿಟ್‌ಲೋ. ನಾವಿಬ್ಬರು ಎಂದು ಬರೆದೆ. ಈಗ ನಾನು.

ಮಾವನವರನ್ನು ನಾನು ಪಾಪ್ಸ್ ಎಂದೇ ಕರೆಯುವುದು. ಅರುವತ್ತೆಂಟು ವರ್ಷ. ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿದವರು. ಚರ್ಚಿನಲ್ಲಿ ಡೀಕನ್, ಅಂದರೆ ಪಾದ್ರಿಗಳಿಗೆ ನೆರವಾಗುವ ಹಿರಿಯ; ಹಾಡುವ ತಂಡದಲ್ಲಿ ಎಲ್ಲರಿಗಿಂತ ಕೆಳಗಿನ ದನಿ ಅವರದು. ಅಂದು ಮೇಜಿನ ಮೇಲೆ ಖಾಲಿ ಪಾತ್ರೆಗಳನ್ನು ಬೋರಲು ಹಾಕಿ, ತಳಕ್ಕೆ ಅಂಟಿಸಿದ ಹೆಸರಿನ ಪಟ್ಟಿಗಳನ್ನು ಓದುತ್ತ ನಿಂತಿದ್ದರು. ಸಾವಿನ ಮನೆಗೆ ಅಡುಗೆ ತಂದವರ ಪಾತ್ರೆಗಳನ್ನು ತಿರುಗಿ ಮುಟ್ಟಿಸಬೇಕಲ್ಲ.

“ಬಾ ಮಗಳೇ, ಕಾಫಿ ಇದೆ. ಇದು ನೋಡು, ಸಿಸ್ಟರ್ ಯೂಲಾದು. ಮ್ಯಾಕರೋನಿ ಸೀದು ಹೋಗಿತ್ತು, ಹೆಸರು ಮಾತ್ರ ಇಷ್ಟು ದಪ್ಪ ಬರೆದಿದಾಳೆ.”

“ತಿಂದ್ರಾ ಪಾಪ್ಸ್?”

“ಪೂರ್ತಿ ತಿಂದೆ. ತಿನ್ನದೆ ಬೈದ್ರೆ ತಪ್ಪಾಗುತ್ತೆ.”

ನಾನು ಕಾಫಿ ಬಗ್ಗಿಸಿಕೊಂಡೆ. ಅವರು ಕೇಕಿನ ತಟ್ಟೆಯ ಅಡಿಯಿಂದ ಒಂದು ಕಾಗದ ಎಳೆದರು.

“ಗುರುವಾರ ಹತ್ತು ಗಂಟೆಗೆ ಡಾಕ್ಟರ್ ಹತ್ರ ಹೋಗಬೇಕು. ಅವನೇ ಕರ್ಕೊಂಡು ಹೋಗ್ತೀನಿ ಅಂದಿದ್ದ.”

“ನಾನು ಬರ್ತೀನಿ.”

“ಬಾಗಿಲವರೆಗೆ ಬಿಟ್ರೆ ಸಾಕು. ಒಳಗೆ ನಾನು ನೋಡ್ಕೋತೀನಿ.”

ಮೇ ತಿಂಗಳಲ್ಲಿ ಅವರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ರಕ್ತಪರೀಕ್ಷೆಗೆ ಅವರನ್ನು ಬಲವಂತವಾಗಿ ಕರೆದುಕೊಂಡು ಹೋದವನು ಎಲ್ಲಿಸ್. ರೋಗ ಇನ್ನೂ ಗ್ರಂಥಿಯ ಒಳಗೇ ಇತ್ತು, ಎಲ್ಲೂ ಹರಡಿರಲಿಲ್ಲ. ಹೊಟ್ಟೆ ಸೀಳದೆ ವಾಸಿ ಮಾಡುವ ದಾರಿ ನಾಲ್ಕೈದು ಇದ್ದವು, ಒಂದನ್ನು ಆರಿಸಿಕೊಳ್ಳಬೇಕಿತ್ತು. ಎಲ್ಲಿಸ್ ಅದೇ ಆಸ್ಪತ್ರೆಯ ಅದೇ ವಿಭಾಗದಲ್ಲಿ ನರ್ಸ್. ಕ್ಯಾನ್ಸರ್ ಎಂದು ಆಗಷ್ಟೇ ಕೇಳಿಸಿಕೊಂಡ ಗಂಡಸರ ಜೊತೆ ಒಂದು ಗಂಟೆ ಕೂತು, ಯಾವ ದಾರಿ ಹಿಡಿದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಬಿಡಿಸಿ ಹೇಳುವುದು ಅವನ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದ. ಆದರೆ ಸ್ವಂತ ಅಪ್ಪನಿಗೆ ಹೇಳಲಾಗಲಿಲ್ಲ. “ನನ್ನ ಕಾಗದ ನೀನು ಮುಟ್ಟಕೂಡದು, ನೀನು ನನ್ನ ನರ್ಸಲ್ಲ, ಮಗ” ಎಂದು ಪಾಪ್ಸ್ ಮಾತು ತೆಗೆದುಕೊಂಡಿದ್ದರು. ಎಲ್ಲಿಸ್ ಕೊಟ್ಟ ಮಾತು ಮುರಿಯುವವನಲ್ಲ.

ಕಾಗದದಲ್ಲಿ ಏಳು ಪ್ರಶ್ನೆಗಳಿದ್ದವು, ಮೂತ್ರ ಹೋಗುವುದರ ಬಗ್ಗೆ. ಎಷ್ಟು ಸಲ, ಎಷ್ಟು ತಡೆದುಕೊಳ್ಳಬಲ್ಲಿರಿ, ಧಾರೆ ಹೇಗಿದೆ, ರಾತ್ರಿ ಎಷ್ಟು ಸಲ ಏಳುತ್ತೀರಿ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಪಾಪ್ಸ್ ಏಳಕ್ಕೂ ಸೊನ್ನೆ ಬರೆದಿದ್ದರು. ಗುಂಡಗೆ, ಅಂದವಾಗಿ.

ನಮ್ಮ ಮನೆಯ ಕೊಳಾಯಿ ನನ್ನ ಮಂಚದ ಪಕ್ಕದ ಗೋಡೆಯೊಳಗೆ ಹಾದುಹೋಗುತ್ತದೆ. ಕೆಳಗೆ ನೀರು ಬಿಟ್ಟರೆ ಮೇಲೆ ಕೇಳಿಸುತ್ತದೆ. ಎಲ್ಲಿಸ್ ದಿಂಬಿಗೆ ತಲೆ ಕೊಟ್ಟರೆ ಕಲ್ಲಿನಂತೆ ಮಲಗುತ್ತಿದ್ದ, ಅವನಿಗೆ ಕೇಳಿಸಿದ್ದೇ ಇಲ್ಲ. ನಾನು ಆ ಮೂರು ರಾತ್ರಿ ಮಲಗಿರಲಿಲ್ಲ. ಶನಿವಾರ ನಾಲ್ಕು ಸಲ, ಭಾನುವಾರ ಐದು, ಸೋಮವಾರ ನಾಲ್ಕು. ನಾನು ನಗರದ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನೀರನ್ನು ಎಣಿಸುವುದು ಅಭ್ಯಾಸ.

ಬಾಯಿಬಿಟ್ಟು ಹೇಳಲಾಗಲಿಲ್ಲ. ಪಾಪ್ಸ್ ನನ್ನೆದುರು ಬಚ್ಚಲು ಎಂಬ ಪದವನ್ನೂ ಬಳಸಿದವರಲ್ಲ. “ಕೈ ತೊಳ್ಕೊಂಡು ಬರ್ತೀನಿ” ಎನ್ನುತ್ತಾರೆ, ಅಷ್ಟೇ.

“ಯಾವುದು ಮಾಡಿಸ್ಕೋತೀರಿ?” ಎಂದೆ.

“ವಿಕಿರಣದ ಬೀಜ. ತಾರೀಖೂ ಕೊಟ್ಟಿದಾರೆ. ಕ್ಷೌರದಂಗಡಿ ಜೂನಿಯಸ್ ಅದನ್ನೇ ಹಾಕಿಸ್ಕೊಂಡ. ಬೆಳಿಗ್ಗೆ ಹೋದ, ಸಾಯಂಕಾಲ ಬಂದ, ಮೂರನೇ ದಿನ ಕತ್ತರಿ ಹಿಡ್ಕೊಂಡು ನಿಂತಿದ್ದ.”

“ಬೇರೆ ದಾರೀನೂ ಇದೆಯಲ್ಲ ಪಾಪ್ಸ್.”

“ಇದೆ. ಆಪರೇಶನ್ ಇದೆ. ಒಂದು ವಾರ ಟ್ಯೂಬು, ಕಾಲಿಗೆ ಕಟ್ಟಿದ ಚೀಲ, ಆಮೇಲೆ ಮಗು ಥರ ಚಡ್ಡಿ ಒಳಗೆ ಪ್ಯಾಡು. ಆ ಚೀಲ ಯಾರು ಖಾಲಿ ಮಾಡ್ತಾರೆ? ನೀನಾ?” ಅವರು ಸಿಸ್ಟರ್ ಯೂಲಾಳ ಪಾತ್ರೆಯನ್ನು ಮತ್ತೆ ಒರೆಸಿದರು. ಅದು ಒಣಗಿಯೇ ಇತ್ತು. “ಮಗನ್ನ ಮಣ್ಣು ಮಾಡಿ ವಾರ ಆಗಿಲ್ಲ, ಸೊಸೆ ಕೈಗೆ ಚೀಲ ಕೊಡೋನಲ್ಲ ನಾನು. ಬೀಜ ಹಾಕಿಸ್ಕೋತೀನಿ. ಮುಂದಿನ ಭಾನುವಾರ ನನ್ನ ಜಾಗದಲ್ಲಿ ನಿಂತು ಹಾಡ್ತೀನಿ. ಯಾರಿಗೂ ಗೊತ್ತಾಗಲ್ಲ.”

ಮೇಲೆ ಹೋದೆ. ಊಟದ ಕೋಣೆಯ ಬಾಗಿಲ ಹಿಂದೆ ಗೋಡೆಗೆ ಒರಗಿಸಿದ ಹಲಗೆಯನ್ನು ಬೆಳಕಿಗೆ ತಿರುಗಿಸಿದೆ.

ಅದು ನಮ್ಮದಲ್ಲ. ಜೂನಿಯಸ್ ಟೇಟ್ ಎಂಬ ಮುದುಕನ ಕ್ಷೌರದಂಗಡಿಯ ದರಪಟ್ಟಿಯ ಕರಿಹಲಗೆ. ಪ್ರತಿ ತಿಂಗಳ ಕೊನೆಯ ಶನಿವಾರ ಎಲ್ಲಿಸ್ ಆ ಅಂಗಡಿಯಲ್ಲಿ ಕೂತು ಗಂಡಸರಿಗೆ ಈ ರೋಗದ ಬಗ್ಗೆ ಹೇಳುತ್ತಿದ್ದ. ನಮ್ಮ ಕಪ್ಪು ಜನರಲ್ಲಿ ಇದು ಹೆಚ್ಚು, ಬೇಗನೂ ಬರುತ್ತದೆ. ಅವರು ಆಸ್ಪತ್ರೆಗೆ ಬರುವ ತನಕ ಕಾಯಲು ಅವನಿಗೆ ಮನಸ್ಸಿರಲಿಲ್ಲ. ದರಪಟ್ಟಿಯ ಹಿಂಬದಿಯಲ್ಲಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ, ಅದು ಅಳಿಸಿಹೋಗುತ್ತಿತ್ತು. ಜೂನ್‌ನಲ್ಲಿ, ಬಣ್ಣದಲ್ಲಿ ಬರೆದು ಕೊಡುತ್ತೇನೆಂದು ಹಲಗೆಯನ್ನೇ ಎರವಲು ತಂದ. ಅದಕ್ಕೆ ಬಿಡುವಾದಾಗಲೆಲ್ಲ ಒಂದೊಂದು ಸಾಲು.

ಅವನ ಅಕ್ಷರ ಚೆನ್ನಾಗಿತ್ತು. ಮೊದಲ ಸಾಲು, ಕಾದು ನೋಡುವುದು: ಏನನ್ನೂ ಮಾಡದೆ ಆರಾರು ತಿಂಗಳಿಗೆ ಪರೀಕ್ಷೆ, ರೋಗ ನಿಧಾನದ್ದಾದರೆ. ಪಾಪ್ಸ್‌ರದು ಅಷ್ಟು ನಿಧಾನದ್ದಲ್ಲ ಎಂದು ಡಾಕ್ಟರ್ ಹೇಳಿದ್ದರು. ಎರಡನೆಯದು, ಯಂತ್ರದ ಕೈಯ ಆಪರೇಶನ್: ಹೊಟ್ಟೆಯ ಮೇಲೆ ಆರು ಸಣ್ಣ ತೂತು, ಗ್ರಂಥಿ ಪೂರ್ತಿ ಹೊರಗೆ, ಒಂದು ರಾತ್ರಿ ಆಸ್ಪತ್ರೆ, ವಾರ ಟ್ಯೂಬು, ಕೆಲವು ತಿಂಗಳು ಸೋರಿಕೆ, ಹಾಸಿಗೆಯ ಸುಖ ತಡವಾಗಿ ಬರಬಹುದು, ಬರದೆಯೂ ಇರಬಹುದು. ಆಮೇಲೆ ಬೀಜ, ಅಂದರೆ ಅಕ್ಕಿಕಾಳಿಗಿಂತ ಸಣ್ಣ ವಿಕಿರಣದ ಚೂರುಗಳನ್ನು ಸೂಜಿಯಲ್ಲಿ ಒಳಗಿಟ್ಟುಬಿಡುವುದು: ಒಂದೇ ದಿನ. ಆಮೇಲೆ ಹೊರಗಿನಿಂದ ಬಿಡುವ ಕಿರಣ, ಐದು ಸಲ, ಎರಡು ವಾರ. ಕಡೆಯದು ರೋಗ ಇರುವ ಮೂಲೆಯನ್ನಷ್ಟೇ ಬಿಸಿಯಿಂದ ಸುಡುವುದು ಅಥವಾ ಹೆಪ್ಪುಗಟ್ಟಿಸುವುದು: ನಷ್ಟ ಕಡಿಮೆ, ಆದರೆ ಹೊಸದು, ರೋಗ ಮತ್ತೆ ಬರಬಹುದು.

ಬಲಗಡೆಯ ಕೊನೆಯ ಕಂಬಸಾಲಿನ ತಲೆಯ ಮೇಲೆ “ಮೊದಲು ಇದರ ನಿಜ ಹೇಳಿ” ಎಂದಿತ್ತು. ಬೀಜದ ಸಾಲಿನಲ್ಲಿ ಅದರ ಕೆಳಗೆ: “ಈಗಲೇ ಮೂತ್ರಕ್ಕೆ ತೊಂದರೆ ಇದೆಯೇ? ಏಳು ಪ್ರಶ್ನೆಗೆ ಇಪ್ಪತ್ತು ದಾಟಿದರೆ ಬೀಜ ಬೇಡ. ಗ್ರಂಥಿ ಊದಿ ದಾರಿ ಕಟ್ಟುತ್ತದೆ. ಟ್ಯೂಬು ವಾರಕ್ಕಲ್ಲ, ತಿಂಗಳುಗಟ್ಟಲೆ.”

ಕಡೆಯ ಸಾಲಿನ ಕೊನೆಯ ಮನೆ ಖಾಲಿ ಇತ್ತು. ಅಷ್ಟರಲ್ಲಿ ಅವನ ತಲೆಯೊಳಗೆ ಒಂದು ರಕ್ತನಾಳ ಒಡೆಯಿತು. ಮೂವತ್ತೊಂಬತ್ತು ವರ್ಷ.

ಪಾಪ್ಸ್ ಯಾವುದಕ್ಕೆ ಹೆದರಿ ಸೊನ್ನೆ ಬರೆದಿದ್ದರೋ, ಆ ಸೊನ್ನೆ ಅವರನ್ನು ಅಲ್ಲಿಗೇ ಒಯ್ಯುತ್ತಿತ್ತು.

ಹಲಗೆಯ ಮೇಲಂಚಿನಲ್ಲಿ ಎಡಕ್ಕೆ ಹಿತ್ತಾಳೆಯ ಕೊಕ್ಕೆ ಇತ್ತು. ಬಲಕ್ಕೆ ಎರಡು ತೂತು ಮಾತ್ರ. ಜೇಬಿನಲ್ಲಿ ಇದ್ದದ್ದು ಅದೇ ಎಂದು ಗೊತ್ತಾಯಿತು. ತಿರುಪು ಹಾಕಿ ಕೂರಿಸಬಹುದಿತ್ತು. ಕೂರಿಸಲಿಲ್ಲ. ಮತ್ತೆ ಕೋಟಿನ ಜೇಬಿಗೇ ಹಾಕಿಕೊಂಡೆ.

ಬುಧವಾರ ಮಧ್ಯಾಹ್ನ ಜೂನಿಯಸ್‌ನ ಅಂಗಡಿಗೆ ಹೋದೆ. ಹಲಗೆ ಇರಬೇಕಾದ ಜಾಗದಲ್ಲಿ ರಟ್ಟಿನ ಪೆಟ್ಟಿಗೆಯ ಮುಚ್ಚಳ ತೂಗುಹಾಕಿ ಅದರ ಮೇಲೆ ದರ ಬರೆದಿದ್ದ. ಕುರ್ಚಿಯಲ್ಲಿ ಪೋಸ್ಟಿನಿಂದ ನಿವೃತ್ತನಾದ ರೂಬೆನ್ ಕೂತಿದ್ದ.

“ಬಾಮ್ಮ ನೀರಿನ ಇಲಾಖೆ,” ಎಂದ ಜೂನಿಯಸ್, ಮೆಲ್ಲಗೆ. ಮೊದಲಿನಿಂದಲೂ ನನ್ನನ್ನು ಹಾಗೇ ಕರೆಯುವುದು. “ಕೂತ್ಕೋ. ಊಟ ಆಯ್ತಾ?”

“ಪಾಪ್ಸ್‌ಗೆ ಬೀಜ ಹಾಕಿಸ್ಕೋ ಅಂತ ಹೇಳಿದ್ದು ನೀವಾ ಮಿಸ್ಟರ್ ಜೂನಿಯಸ್?”

“ನಾನು ಯಾರಿಗೆ ಹೇಳಿಲ್ಲ? ಮೂರನೇ ದಿನ—”

“ಮೂರನೇ ದಿನ ಕತ್ತರಿ ಹಿಡಿದು ನಿಂತಿದ್ದೆ,” ಎಂದು ರೂಬೆನ್ ಮುಗಿಸಿದ. “ಆರು ವರ್ಷದಿಂದ ಕೇಳ್ತಿದೀವಿ. ಇನ್ನು ಸ್ವಲ್ಪ ದಿನಕ್ಕೆ ಎರಡನೇ ದಿನ ಆಗುತ್ತೆ.”

“ನಿನ್ನ ಕಿವಿ ನನ್ನ ಕತ್ತರಿ ಹತ್ರ ಇದೆ, ನೆನಪಿರ್ಲಿ.”

ನಾನು ಕಾಗದದ ಸೊನ್ನೆಗಳನ್ನು ಹೇಳಿದೆ. ಕೊಳಾಯಿಯ ಲೆಕ್ಕವನ್ನೂ ಹೇಳಿದೆ. ಜೂನಿಯಸ್ ಕತ್ತರಿ ಕೆಳಗಿಟ್ಟ.

“ನನಗೆ ಆಗ ಮೂತ್ರದ ತೊಂದರೆ ಇರ್ಲಿಲ್ಲ ಕಣಮ್ಮ. ಇಲ್ಲಿಂದ ಶಿಕಾಗೋವರೆಗೂ ನಿಲ್ಲಿಸದೆ ಹೋಗ್ತಿದ್ದೆ. ಅದನ್ನ ಕೇಳಿನೇ ಎಲ್ಲಿಸ್ ಬೀಜ ಆಗುತ್ತೆ ಅಂದಿದ್ದು. ಡೀಕನ್‌ಗೆ…” ಅವನು ಬಿಸಿ ಟವೆಲಿನ ಪೆಟ್ಟಿಗೆಯ ಕಡೆ ನೋಡಿದ. “ಎಲ್ಲಿಸ್ ನನಗೆ ಹೇಳಿದ್ದ. ಸೆಪ್ಟೆಂಬರ್ ಕೊನೇ ಶನಿವಾರ ಅಪ್ಪನ್ನ ಕರ್ಕೊಂಡು ಬರ್ತೀನಿ, ಟವೆಲ್ ಸ್ವಲ್ಪ ಜಾಸ್ತೀನೇ ಬಿಸಿ ಮಾಡಿಡಿ ಅಂತ.”

ಸೆಪ್ಟೆಂಬರ್ ಕೊನೆಯ ಶನಿವಾರ ನಾವೆಲ್ಲ ಚರ್ಚಿನಲ್ಲಿದ್ದೆವು.

ಆ ಅಂಗಡಿಯ ಪದ್ಧತಿ ನನಗೆ ಕೇಳಿ ಗೊತ್ತಿತ್ತು, ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಕಾಗದ ಕೊಟ್ಟರೆ ನಮ್ಮ ಗಂಡಸರೆಲ್ಲ ಸೊನ್ನೆಯನ್ನೇ ಬರೆಯುತ್ತಿದ್ದರು, ಪರೀಕ್ಷೆಯಲ್ಲಿ ಪಾಸಾಗುವವರ ಹಾಗೆ. ಎಲ್ಲಿಸ್ ಅವರನ್ನು ಶನಿವಾರ ಇಲ್ಲಿಗೆ ಬರಹೇಳುತ್ತಿದ್ದ. ಕುರ್ಚಿ ಹಿಂದಕ್ಕೆ ಒರಗಿಸಿ ಮುಖದ ತುಂಬ ಬಿಸಿ ಟವೆಲ್ ಹಾಕಿದಾಗ, ಜೂನಿಯಸ್ ರೇಡಿಯೋ ಜೋರು ಮಾಡುತ್ತಾನೆ. ಅಂಗಡಿಯಲ್ಲಿ ಇದ್ದವರೆಲ್ಲ ಬೀದಿಯ ಕಡೆ ತಿರುಗಿಕೊಳ್ಳುತ್ತಾರೆ. ಆಗ ಎಲ್ಲಿಸ್ ಕುರ್ಚಿಯ ಪಕ್ಕದ ಮೋಡಾ ಎಂಬ ಗಿಡ್ಡ ಪೀಠದ ಮೇಲೆ ಕೂತು ಏಳು ಪ್ರಶ್ನೆ ಕೇಳುತ್ತಾನೆ. ಟವೆಲಿನ ಕೆಳಗೆ ಹೇಳಿದ್ದನ್ನು ಯಾರೂ ಎಲ್ಲೂ ಎತ್ತುವಂತಿಲ್ಲ.

“ಡೀಕನ್ ಇವತ್ತು ಮೂರು ಗಂಟೆಗೆ ಬರ್ತಾನೆ,” ಎಂದ ಜೂನಿಯಸ್. “ಬುಧವಾರ ತಪ್ಪಿಸಿದ್ದೇ ಇಲ್ಲ.”

“ನೀವು ಕೇಳ್ತೀರಾ?”

“ನಾನಾ? ಐವತ್ತು ವರ್ಷದಿಂದ ಅವನು ಹಿಡಿದ ಮೀನಿನ ಉದ್ದ ಎಷ್ಟು ಅಂತ ನನಗೆ ಸುಳ್ಳು ಹೇಳ್ತಿದಾನೆ. ಓದಿದವಳು ನೀನು. ಎಲ್ಲಿಸ್ ಹೆಂಡತಿ ನೀನು. ಮೋಡಾ ಅಲ್ಲೇ ಇದೆ.”

“ನಾನು ಸೊಸೆ, ಮಿಸ್ಟರ್ ಜೂನಿಯಸ್.”

“ಟವೆಲ್ ಕೆಳಗೆ ಸೊಸೆ ಇಲ್ಲ, ಡೀಕನ್ನೂ ಇಲ್ಲ.” ಎಲ್ಲಿಸ್ ಆ ಪ್ರಶ್ನೆಗಳನ್ನು ಹೇಗೆ ಕೇಳುತ್ತಿದ್ದನೆಂದು ಒಂದೊಂದಾಗಿ ಹೇಳಿಕೊಟ್ಟ. ಅಷ್ಟು ವರ್ಷದಲ್ಲಿ ಅವನಿಗೆ ಬಾಯಿಪಾಠವಾಗಿತ್ತು. ನಾನು ಬೇರೊಂದು ಕಾಗದದಲ್ಲಿ ಬರೆದುಕೊಂಡೆ.

ಮೂರಕ್ಕೆ ಪಾಪ್ಸ್ ಬಂದರು. ನಾನು ಒಳಕೋಣೆಯಲ್ಲಿದ್ದೆ. ಕುರ್ಚಿ ಒರಗಿದ ಸದ್ದು, ಟವೆಲ್ ಹಿಂಡಿದ ಸದ್ದು ಕೇಳಿತು. ಬೇಸ್‌ಬಾಲ್ ಆಟದ ವರ್ಣನೆ ಒಮ್ಮೆಗೇ ಜೋರಾಯಿತು. ಹೊರಗೆ ಬಂದೆ. ಮನೆಗೆ ಹೋಗದೆ ಉಳಿದಿದ್ದ ರೂಬೆನ್ ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತ. ನಾನು ಮೋಡಾದ ಮೇಲೆ ಕೂತೆ. ಅದು ನನ್ನ ಎತ್ತರಕ್ಕೆ ತಗ್ಗಾಗಿತ್ತು, ಎಲ್ಲಿಸ್ ಮೊಣಕಾಲು ಮಡಚಿಕೊಂಡು ಕೂರುತ್ತಿದ್ದಿರಬೇಕು.

“ಇಲ್ಲಿಂದ ಶಿಕಾಗೋಗೆ ಚರ್ಚಿನ ಬಸ್ ಓಡಿಸಿದ್ರೆ ಎಲ್ಲೆಲ್ಲಿ ನಿಲ್ಲಿಸ್ತೀರಿ?” ಎಂದೆ.

ಕುರ್ಚಿಯ ಕೈಯ ಮೇಲಿದ್ದ ಅವರ ಬೆರಳುಗಳು ಬಿಗಿದವು.

“ಜೂನಿಯಸ್, ಟವೆಲ್ ತೆಗೆಯೋ.”

“ಇನ್ನೂ ಬಿಸಿ ಇದೆ ಡೀಕನ್.”

“ಯಾರನ್ನ ಕೂರಿಸಿದೀಯಾ ಅಲ್ಲಿ?”

“ನಿನ್ನ ಮಗ ಕೂರ್ತಿದ್ದ ಜಾಗ ಖಾಲಿ ಬಿಡೋಕೆ ನನಗೆ ಇಷ್ಟ ಇಲ್ಲ. ತೆಗೀಬೇಕು ಅಂದ್ರೆ ನೀನೇ ತೆಗಿ. ನಿನಗೂ ಕೈ ಇದೆಯಲ್ಲ.”

ರೇಡಿಯೋದಲ್ಲಿ ಯಾರೋ ಓಡಿದರು, ಯಾರೋ ಔಟಾದರು. ಪಾಪ್ಸ್ ಕೈ ಎತ್ತಲಿಲ್ಲ. ಜೂನಿಯಸ್ ಇನ್ನೊಂದು ಟವೆಲ್ ಬಿಸಿಯಾಗಿ ತಂದು ಮೊದಲಿನದರ ಮೇಲೆ ಹಾಕಿದ.

ಒಳಗಿನಿಂದ ದನಿ ಬಂತು. “ರಸೀನ್.”

ಶಿಕಾಗೋ ದಾರಿಯ ಮೊದಲ ಊರು. ನಾನು ಪೆನ್ಸಿಲ್ ಎತ್ತಿಕೊಂಡೆ.

“ಕೆನೋಶಾ. ಆಮೇಲೆ ರಾಜ್ಯದ ಗಡಿ ದಾಟಿದ ತಕ್ಷಣ ಒಂದು ಪೆಟ್ರೋಲ್ ಬಂಕು. ವಾಕೀಗನ್. ಒಳ್ಳೇ ಜಾಗ, ಸಾಬೂನು ಇಡ್ತಾರೆ.” ಸ್ವಲ್ಪ ತಡೆದು ಹೇಳಿದರು, “ಬಸ್ ಬಿಟ್ಟಿದ್ದು ಕಣ್ಣಿಗಲ್ಲ ಮಗಳೇ.”

ಎರಡು ವರ್ಷದ ಹಿಂದೆ ಕಣ್ಣು ಮಂಜಾಯಿತೆಂದು ಚರ್ಚಿನ ಬಸ್ಸಿನ ಬೀಗದಕೈ ಒಪ್ಪಿಸಿದ್ದರು. ಅವತ್ತು ಪಾದ್ರಿಗಳು ಅವರಿಗೆ ಗಡಿಯಾರ ಕೊಟ್ಟಿದ್ದರು.

“ಪಾದ್ರಿಗಳು ಪ್ರಾರ್ಥನೆ ಶುರು ಮಾಡಿದ್ರೆ ಮುಗಿಯೋವರೆಗೂ ನಿಂತಿರ್ತೀರಾ?”

“ಚಿಕ್ಕ ಪ್ರಾರ್ಥನೆ ಆದ್ರೆ. ನಮ್ಮ ಪಾದ್ರಿಗೆ ಚಿಕ್ಕದು ಗೊತ್ತಿಲ್ಲ.”

ಕಿಟಕಿಯ ಬಳಿ ರೂಬೆನ್‌ನ ಭುಜ ಅಲುಗಿತು. ಅವನು ತಿರುಗಲಿಲ್ಲ.

ಧಾರೆಯ ಪ್ರಶ್ನೆ ಬಂದಾಗ ಕಾಗದದಿಂದ ಕಣ್ಣೆತ್ತದೆ ಎಲ್ಲಿಸ್‌ನ ಮಾತನ್ನೇ ಓದಿದೆ. “ಚಳಿಗಾಲದಲ್ಲಿ ಹಿಮದ ಮೇಲೆ ಪೂರ್ತಿ ಹೆಸರು ಬರೀತೀರಾ, ಇಲ್ಲ ಮೊದಲಕ್ಷರಕ್ಕೇ ಮುಗಿಯುತ್ತಾ?”

“ಇದನ್ನ ನನ್ನ ಮಗ ಎಲ್ಲರಿಗೂ ಕೇಳ್ತಿದ್ನಾ?”

“ಎಲ್ಲರಿಗೂ.”

“ಪಾದ್ರಿಗೂ?”

“ಟವೆಲ್ ಕೆಳಗಿನ ಮಾತು ಹೇಳೋ ಹಾಗಿಲ್ಲ,” ಎಂದ ಜೂನಿಯಸ್.

ಪಾಪ್ಸ್ ಉಸಿರು ಬಿಟ್ಟರು. “ಚುಕ್ಕಿ,” ಎಂದರು. “ಬರೀ ಚುಕ್ಕಿ.”

ರಾತ್ರಿಯ ಪ್ರಶ್ನೆಗೆ ಅವರೇ ಮೊದಲು ಹೇಳಿದರು, “ನಾಲ್ಕು.” ನಾನು ಬರೆದುಕೊಂಡೆ. “ಭಾನುವಾರ ಐದು,” ಎಂದು ತಿದ್ದಿದರು. ಆಗ ನನಗೆ ಅವರ ಮೇಲೆ ಎಂಥ ಹೆಮ್ಮೆ ಬಂತೆಂದರೆ, ಪೆನ್ಸಿಲ್ ಒತ್ತಿದ್ದು ಹೆಚ್ಚಾಗಿ ಮೊನೆ ಮುರಿಯಿತು. ಜೂನಿಯಸ್ ತನ್ನ ಕಿವಿಯ ಹಿಂದಿನ ಪೆನ್ನು ಕೊಟ್ಟ.

ಕೂಡಿಸಿದೆ. ಇಪ್ಪತ್ತಮೂರು.

“ಬೀಜ ಬೇಡ ಪಾಪ್ಸ್. ಎಲ್ಲಿಸ್ ಬರೆದಿಟ್ಟಿದಾನೆ. ಇಪ್ಪತ್ತು ದಾಟಿದ್ರೆ ದಾರಿ ಕಟ್ಟುತ್ತೆ, ಟ್ಯೂಬು ತಿಂಗಳುಗಟ್ಟಲೆ.”

ಜೂನಿಯಸ್ ಟವೆಲ್ ತೆಗೆಯುವ ಮೊದಲು ನಾನು ಒಳಕೋಣೆಗೆ ಹೋದೆ. ಪದ್ಧತಿ ಹಾಗೆ.

ಗುರುವಾರ ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಲ್ಲಿಸಿದೆ. ಪಾಪ್ಸ್ ಇಳಿಯಲಿಲ್ಲ.

“ಕಾರು ನಿಲ್ಲಿಸಿ ಬಾ,” ಎಂದರು. “ಒಳಗೆ.”

ಡಾಕ್ಟರ್ ಲಿಂಡ್‌ಹಾಮ್ ಎತ್ತರದ ಹೆಂಗಸು. ಎಲ್ಲಿಸ್‌ನ ಅಂತ್ಯಕ್ರಿಯೆಗೆ ಬಂದು ಕಡೆಯ ಸಾಲಿನಲ್ಲಿ ನಿಂತಿದ್ದರು. ಸೊನ್ನೆಗಳ ಕಾಗದವನ್ನೂ ನಮ್ಮ ಕಾಗದವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

“ಮಿಸ್ಟರ್ ವಿಟ್‌ಲೋ, ಇವೆರಡರಲ್ಲಿ ಯಾವುದು ನಿಜ?”

“ಎರಡನೇದು. ಮೊದಲನೇದು ಬರೆದೋನು ಹೆದರಿದ್ದ.”

ಅವರು ಪಾಪ್ಸ್‌ರನ್ನು ಧಾರೆ ಅಳೆಯುವ ಯಂತ್ರದ ಕೋಣೆಗೆ ಕಳಿಸಿದರು. ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂದೂ ನೋಡಿದರು. ಕಾಗದ ಹೇಳಿದ್ದನ್ನೇ ಯಂತ್ರವೂ ಹೇಳಿತು. “ಬೀಜ ಹಾಕಿದ್ರೆ ದೊಡ್ಡ ತಪ್ಪಾಗ್ತಿತ್ತು,” ಎಂದರು. ಉಳಿದದ್ದು ಮುಖ್ಯವಾಗಿ ಎರಡು. ಐದು ಸಲದ ಕಿರಣವೂ ಸ್ವಲ್ಪ ಕಾಲ ಇದೇ ತೊಂದರೆಯನ್ನು ಕೆದಕುತ್ತದೆ. ಆಪರೇಶನ್‌ನಲ್ಲಿ ಟ್ಯೂಬಿದೆ, ಸೋರಿಕೆಯಿದೆ, ಆದರೆ ದಾರಿಗೆ ಅಡ್ಡ ಕೂತ ಗ್ರಂಥಿಯೇ ಹೋಗುತ್ತದೆ. ಕಿರಣವೇ ಬೇಕೆಂದರೆ ಮೊದಲು ದಾರಿ ಬಿಡಿಸಿ ಆಮೇಲೆ ಕೊಡಬಹುದು.

ಪಾಪ್ಸ್ ನನ್ನ ಕಡೆ ತಿರುಗಿದರು. “ಹಲಗೆ ಮೇಲೆ ಆಪರೇಶನ್‌ಗೆ ಯಾವ ನಿಜ ಹೇಳಬೇಕು ಅಂತ ಇದೆ?”

ನನಗೆ ನೆನಪಿತ್ತು. “ಸಹಾಯ ಬೇಕಾದಾಗ ಕೇಳುತ್ತೀರಾ, ಅಂತ.”

ಅವರು ಟೋಪಿಯನ್ನು ಮೊಣಕಾಲಿನ ಮೇಲೆ ಒಂದು ಸುತ್ತು ತಿರುಗಿಸಿದರು. “ಕೇಳ್ತೀನಿ,” ಎಂದರು. “ಆಪರೇಶನ್ನೇ ಮಾಡಿ ಡಾಕ್ಟರ್.”

ಹೊರಡುವಾಗ ಲಿಂಡ್‌ಹಾಮ್ ಬಾಗಿಲ ತನಕ ಬಂದರು. “ಎಲ್ಲಿಸ್ ತರ್ತಿದ್ದ ಕಾಗದಗಳಲ್ಲಿ ಸೊನ್ನೆ ಇರ್ತಾನೇ ಇರ್ಲಿಲ್ಲ. ನಮಗ್ಯಾರಿಗೂ ಹಾಗೆ ಹೇಳಲ್ಲ ಗಂಡಸರು. ಹೇಗೆ ಮಾಡ್ತಿದ್ರು ಅಂತ ಕೇಳಿದ್ರೆ ನಗ್ತಿದ್ರು ಅಷ್ಟೇ.”

“ಕ್ಷೌರದಂಗಡೀಲಿ,” ಎಂದರು ಪಾಪ್ಸ್. ಬೆನ್ನು ನೆಟ್ಟಗಾಗಿತ್ತು. “ಮುಖದ ಮೇಲೆ ಬಿಸಿ ಟವೆಲ್ ಹಾಕಿ. ನನ್ನ ಮಗ ಕಂಡುಹಿಡಿದಿದ್ದು. ಬೇಕಾದ್ರೆ ಬರ್ಕೊಳ್ಳಿ.”

ಡಾಕ್ಟರ್ ನಿಜವಾಗಿಯೂ ಬರೆದುಕೊಂಡರು.

ಅಕ್ಟೋಬರ್ ಮೂರನೆಯ ವಾರ ಆಪರೇಶನ್ ಆಯಿತು. ಮರುದಿನ ಮನೆಗೆ ಕರೆತಂದೆ. ಎರಡು ದಿನ ಅವರು ಬಾಗಿಲು ಹಾಕಿಕೊಂಡು ಚೀಲವನ್ನು ತಾವೇ ಖಾಲಿ ಮಾಡಿದರು. ಮೂರನೆಯ ದಿನ ಬಗ್ಗಿದರೆ ಹೊಟ್ಟೆ ಎಳೆಯತೊಡಗಿತು. ಮೆಟ್ಟಿಲ ಕೆಳಗಿನಿಂದ ಕೂಗಿದರು, ಹಾಡುವಾಗಿನ ದನಿಯಲ್ಲಿ.

“ನೀರಿನ ಇಲಾಖೆ!”

ಇಳಿದು ಬಂದೆ. ಅವರು ಚಾವಣಿ ನೋಡುತ್ತ ಕೂತಿದ್ದರು. ನಾನು ಚೀಲ ಬಿಚ್ಚಿ, ಅಳತೆಯ ಪಾತ್ರೆಗೆ ಬಗ್ಗಿಸಿ, ಬೆಳಕಿಗೆ ಹಿಡಿದೆ.

“ಆರುನೂರ ಇಪ್ಪತ್ತು. ಬಣ್ಣ ಚೆನ್ನಾಗಿದೆ. ನಮ್ಮ ಪ್ರಯೋಗಾಲಯದಲ್ಲಿ ಪಾಸಾಗುತ್ತೆ.”

“ಆಗದೆ ಏನು,” ಎಂದರು ಪಾಪ್ಸ್. “ವಿಟ್‌ಲೋಗಳ ಮನೇದು.”

ನಾಲ್ಕು ವಾರಗಳಲ್ಲಿ ನಾನು ನಕ್ಕದ್ದು ಅದೇ ಮೊದಲು. ಮುಖ ನೋವಾಯಿತು.

ಗ್ರಂಥಿಯ ಅಂಚಿನಲ್ಲಿ ರೋಗವಿರಲಿಲ್ಲ, ಪೂರ್ತಿ ತೆಗೆದಾಗಿದೆ ಎಂದು ಫಲಿತಾಂಶ ಬಂತು. ಸೋರಿಕೆ ಇನ್ನೂ ಇದೆ, ಪ್ಯಾಡ್ ಹಾಕಿಕೊಳ್ಳುತ್ತಾರೆ; ದಿನಕ್ಕೆ ನಾಲ್ಕಿದ್ದದ್ದು ಎರಡಕ್ಕೆ ಬಂದಿದೆ. ಗೋಡೆಯ ಕೊಳಾಯಿ ರಾತ್ರಿ ಒಂದೇ ಸಲ ಸದ್ದು ಮಾಡುತ್ತದೆ. ಅದಾದ ಮೇಲೆ ನಾನೂ ಮಲಗುತ್ತೇನೆ.

ಹಲಗೆಯ ಖಾಲಿ ಮನೆಯನ್ನು ನವೆಂಬರಿನಲ್ಲಿ ತುಂಬಿದೆ. ಬಿಸಿ ಮತ್ತು ಹೆಪ್ಪಿನ ಸಾಲಿನ ಎದುರು ಎಲ್ಲಿಸ್ ಏನು ಬರೆಯುತ್ತಿದ್ದನೋ ಗೊತ್ತಿಲ್ಲ. ಡಾಕ್ಟರನ್ನು ಕೇಳಿ, ನಾನೇ ಬರೆದೆ: “ವಾಸಿಯಾಯಿತು ಅನ್ನಿಸಿದ ಮೇಲೂ ಪರೀಕ್ಷೆಗೆ ಬರುತ್ತೀರಾ?” ನನ್ನ ಅಕ್ಷರ ಅವನದರ ಪಕ್ಕ ಸೊಟ್ಟಗೆ ಕಾಣುತ್ತದೆ. ಇರಲಿ.

ತಿಂಗಳ ಕೊನೆಯ ಶನಿವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಎರಡು ದಿನದ ಮೇಲೆ, ಪಾಪ್ಸ್ ಹಲಗೆಯ ಒಂದು ತುದಿ ಹಿಡಿದರು, ನಾನು ಇನ್ನೊಂದು. ಭಾರ ಎತ್ತಬಾರದು ಎಂದರೆ ಕೇಳಲಿಲ್ಲ. ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಎಲ್ಲಿಸ್‌ನ ಶನಿವಾರ ಎಂದು ಬಂದವರು, ಇನ್ನು ಯಾರು ಹೇಳುತ್ತಾರೆಂದು ಗೊತ್ತಿಲ್ಲದೆ ಕೂತವರು.

ಪಾಪ್ಸ್ ಕುರ್ಚಿ ಏರಿದರು. ಜೂನಿಯಸ್ ಟವೆಲಿಗೆ ಕೈಹಾಕಿದ.

“ಟವೆಲ್ ಬೇಡ,” ಎಂದರು ಪಾಪ್ಸ್. “ರೇಡಿಯೋ ಆರಿಸು. ಏ ರೂಬೆನ್, ಈ ಕಡೆ ತಿರುಗೋ. ನಾನು ಹೇಳೋದು ಕೇಳಿಸ್ಕೊಳ್ಳಿ ಎಲ್ಲ. ಚರ್ಚಿನ ಬಸ್ ಬಿಟ್ಟೆನಲ್ಲ, ಕಣ್ಣಿಗೆ ಅಂತ? ಸುಳ್ಳು.”

“ಗಡಿಯಾರ ವಾಪಸ್ ಕೊಡಬೇಕಾಗುತ್ತೆ ಡೀಕನ್,” ಎಂದ ರೂಬೆನ್.

“ಕೊಡಲ್ಲ. ಮಾತು ಮುಗಿಸೋಕೆ ಬಿಡು.”

ಅವರು ಎಲ್ಲವನ್ನೂ ಹೇಳಿದರು. ಸೊನ್ನೆಗಳನ್ನು, ವಾಕೀಗನ್‌ನ ಸಾಬೂನನ್ನು, ಚೀಲವನ್ನು, ಆ ಹೊತ್ತಿಗೂ ಒಳಗಿದ್ದ ಪ್ಯಾಡನ್ನು. ಚುಕ್ಕಿಯನ್ನೂ ಬಿಡಲಿಲ್ಲ. ಜನ ನಕ್ಕರು, ಆಮೇಲೆ ನಗಲಿಲ್ಲ. ಮೂಲೆಯಲ್ಲಿದ್ದ ಒಬ್ಬ ಮಧ್ಯವಯಸ್ಸಿನವನು ತನ್ನ ಜೇಬಿನಿಂದ ಮಡಚಿದ ಕಾಗದ ತೆಗೆದು, ಬಿಚ್ಚಿ ನೋಡಿ, ಮತ್ತೆ ಮಡಚಿದ. ಅದರಲ್ಲಿ ಎಷ್ಟು ಸೊನ್ನೆಗಳಿದ್ದವೋ. ನಾನು ಮೋಡಾವನ್ನು ಅವನ ಕಡೆ ಎಳೆದುಕೊಂಡೆ.

ಜೂನಿಯಸ್ ಹಲಗೆಯನ್ನು ಗೋಡೆಯ ಬಳಿ ಒಯ್ದ. ರಟ್ಟಿನ ದರಪಟ್ಟಿಯನ್ನು ಪಕ್ಕದ ಮೊಳೆಗೆ ಸರಿಸಿದ. ಎಲ್ಲಿಸ್ ಬರೆದ ಬದಿಯನ್ನು ಹೊರಗೆ ಮಾಡಿ ಎತ್ತಿ ಹಿಡಿದವನು ತಡೆದ.

“ಕೊಕ್ಕೆ ಎರಡಿದ್ವು. ಇಲ್ಲಿ ಒಂದೇ ಇದೆ. ನಿನ್ನ ಗಂಡ ಎರವಲು ತಗೊಂಡ ಸಾಮಾನು ಪೂರ್ತಿ ವಾಪಸ್ ಕೊಟ್ಟಿದ್ದೇ ಇಲ್ಲಮ್ಮ.”

ನಾನು ಅವನ ಕೋಟನ್ನೇ ಹಾಕಿಕೊಂಡಿದ್ದೆ. ಜೇಬಿಗೆ ಕೈ ಹಾಕಿದೆ. ಎರಡು ತಿಂಗಳು, ಎಲ್ಲಿಗೆ ಹೋದರೂ, ನನ್ನ ಹೆಬ್ಬೆರಳು ಅದರ ಬಾಗಿನಲ್ಲಿ ಕೂತಿರುತ್ತಿತ್ತು. ಅಲ್ಲಿ ಹಿತ್ತಾಳೆ ಹೊಳಪು ಬಂದಿತ್ತು. ಹೊರತೆಗೆದೆ. ಬೆಚ್ಚಗಿತ್ತು. ಜೂನಿಯಸ್‌ನ ಅಂಗೈಯಲ್ಲಿಟ್ಟೆ.

“ಕೊಟ್ಟಿದಾನೆ,” ಎಂದೆ. “ಪೂರ್ತಿ ಇದೆ, ನೋಡಿ.”